‘ಹೋಗ್ತೇನೆ’ ಎಂದವನು

“ಅಜ್ಜಾರ, ಪಾಠಕ್ಕೆ ಇನ್ನೇನು ಸೇರಿಸಬೇಕು?” ಎಂದು ಚನ್ನಮಲ್ಲ ಕೇಳಿದ.

ಅವನು ಮಠದ ಶಿಷ್ಯ, ಭಾಷಾಶಾಸ್ತ್ರ ಓದಿದವನು. ಹೊರನಾಡಿನಿಂದ ಬರುವ ವೈದ್ಯರಿಗೆ ಕನ್ನಡ ಕಲಿಸಲೆಂದು ಪುಸ್ತಕ ಬರೆದಿದ್ದ. ಜತೆಗೆ ಕೇಳಿ ಕಲಿಯುವ ಪಾಠಗಳನ್ನು ತನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿದ್ದ. ರೋಗಗಳ ಹೆಸರು, ವ್ಯಾಕರಣ, ನಡುನಡುವೆ ಕಾವ್ಯ, ಎಲ್ಲವೂ ಇತ್ತು. ಆದರೂ ಸಮಾಧಾನವಿಲ್ಲ. ಏನೋ ಬಿಟ್ಟುಹೋಗಿದೆ ಎಂದು ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ.

“ಮೊದಲು ಕೂಡಪ್ಪ, ನಿನ್ನನ್ನು ನೋಡಿ ನನಗೇ ತಲೆ ತಿರುಗುತ್ತಿದೆ” ಎಂದು ಮಠದ ಅಜ್ಜನವರು ಕತೆ ಶುರುಮಾಡಿದರು.

ನೇಕಾರರ ಊರಿಗೆ ಒಬ್ಬ ವೈದ್ಯ ಬಂದ. ಹೊರನಾಡಿನವನು. ಇಂಥದೇ ಪಾಠಗಳನ್ನು ಕೇಳಿ ಕೇಳಿ ಕನ್ನಡ ಕಲಿತಿದ್ದ. ಕಲಿತದ್ದೆಂದರೆ ಅಷ್ಟಿಷ್ಟಲ್ಲ. ಹೊಟ್ಟೆನೋವು ಎಂದು ಬಂದವರಿಗೂ ಅವರು ನುಂಗಿದ ವಿಭಕ್ತಿ ಪ್ರತ್ಯಯವನ್ನು ಮೊದಲು ಎತ್ತಿಕೊಟ್ಟು ಆಮೇಲೆ ಔಷಧ ಕೊಡುತ್ತಿದ್ದ. ಕೈಗುಣ ಒಳ್ಳೆಯದು ಎಂದು ಜನ ಸಹಿಸಿಕೊಂಡಿದ್ದರು.

ಒಂದು ಬೆಳಿಗ್ಗೆ ಒಬ್ಬ ನೇಕಾರ ಬಂದ. ಆ ಮಳೆಗಾಲದಲ್ಲಿ ಅವನ ಹೆಂಡತಿ ಜ್ವರದಿಂದ ಸತ್ತಿದ್ದಳು. ವೈದ್ಯ ಎಷ್ಟು ಹೆಣಗಿದರೂ ಉಳಿಸಿಕೊಳ್ಳಲು ಆಗಿರಲಿಲ್ಲ.

“ಏನು ತ್ರಾಸು?” ಎಂದು ವೈದ್ಯ ಕೇಳಿದ.

“ತ್ರಾಸೇನಿಲ್ರಿ. ಆಕೀ ಸಲುವಾಗಿ ಭಾಳ ಮಾಡಿದ್ರಿ. ನಿಮ್ಮ ಮುಖ ನೋಡಿ ಹೋಗೋಣಂತ ಬಂದೆ. ಹೋಗ್ತೇನ್ರಿ” ಎಂದು ನೇಕಾರ ಕೈಮುಗಿದ.

ವೈದ್ಯನ ಕಿವಿ ನೆಟ್ಟಗಾಯಿತು. ಪಾಠದಲ್ಲಿ ಇದೇ ಇತ್ತಲ್ಲ! “ಹಾಗನ್ನಬಾರದು. ಹೊರಡುವಾಗ ‘ಹೋಗಿ ಬರ್ತೇನೆ’ ಅನ್ನಬೇಕು” ಎಂದು ತಿದ್ದಿದ.

ನೇಕಾರ ಅವನ ಮುಖವನ್ನೇ ನೋಡಿದ. “ಹೋಗಿ ಬರ್ತೇನ್ರಿ” ಎಂದು ಒಪ್ಪಿಸಿ ಹೊರಟುಹೋದ. ಕನ್ನಡದವನಿಗೇ ಕನ್ನಡ ಕಲಿಸಿದೆ ಎಂದು ವೈದ್ಯ ಒಳಗೊಳಗೇ ಬೀಗಿದ.

ಆಮೇಲೆ ಬಂದ ಮುದುಕಿ ಔಷಧ ತೆಗೆದುಕೊಂಡು “ಬರ್ತೇನ್ರಿ” ಎಂದು ಎದ್ದಳು. ಕೆಮ್ಮಿನವನೂ “ಬರ್ತೇನ್ರಿ” ಎಂದ. ಹಸುಗೂಸಿನ ತಾಯಿಯೂ ಅದನ್ನೇ ಅಂದಳು. ವೈದ್ಯನಿಗೆ ಕಸಿವಿಸಿ ಶುರುವಾಯಿತು. ನಾಡಿ ಹಿಡಿದರೆ ಲೆಕ್ಕ ತಪ್ಪಿತು. ಇವರಿಗೆಲ್ಲ ಪಾಠ ಹೇಳಿದವರು ಯಾರು? ಹುಟ್ಟಿನಿಂದ ಬಾಯಲ್ಲಿರುವ ಮಾತನ್ನು ಆ ನೇಕಾರನೊಬ್ಬ ಹೇಗೆ ಮರೆತ? ಒಳಗೆ ಹೋಗಿ ಪಾಠವನ್ನು ಮತ್ತೆ ಹಾಕಿ ಕೇಳಿದ. ‘ಹೋಗ್ತೇನೆ’ ಅನ್ನಬಾರದು ಎಂದಿತು, ಅಷ್ಟೇ. ಯಾರಾದರೂ ಅಂದುಬಿಟ್ಟರೆ ಏನು ಮಾಡಬೇಕು ಎಂದು ಅದರಲ್ಲಿರಲಿಲ್ಲ. ತಿರುಗಿ ಬರುವ ಮನಸ್ಸಿಲ್ಲದವನು ತಾನೇ ಹಾಗನ್ನುವುದು! ಕಾದು ಕೂತ ರೋಗಿಗಳನ್ನು ಹಾಗೇ ಬಿಟ್ಟು ವೈದ್ಯ ಓಡಿದ.

ನೇಕಾರನ ಮನೆ ಬಾಗಿಲು ತೆರೆದೇ ಇತ್ತು. ನೇಯ್ದ ಸೀರೆಯನ್ನು ಮಗ್ಗದಿಂದ ಕೊಯ್ದು ಮಡಿಸಿಟ್ಟಿದ್ದ, ಹೊಸ ನೂಲು ಹೂಡಿರಲಿಲ್ಲ. ಬರಿಯ ಮಗ್ಗದ ಪಕ್ಕ ಅವನು ಕೂತಿದ್ದ. ಜೀವಂತವಾಗಿದ್ದ. ವೈದ್ಯ ಅಲ್ಲೇ ಕೂತು ಅವನ ಕೈ ಹಿಡಿದುಕೊಂಡ.

“‘ಹೋಗ್ತೇನೆ’ ಅಂತ ನಾ ತಪ್ಪಿ ಅಂದಿರಲಿಲ್ರಿ” ಎಂದು ನೇಕಾರ ಅಳತೊಡಗಿದ.

ವೈದ್ಯ ಬಾಯಿ ಬಿಡಲಿಲ್ಲ. ನೇಕಾರ ಅತ್ತು, ಹೇಳಿ, ಹಗುರಾಗುವ ತನಕ ಕೈಯನ್ನೂ ಬಿಡಲಿಲ್ಲ. ಆ ಮಗ್ಗಕ್ಕೆ ಮತ್ತೆ ನೂಲು ಹೂಡಲು ಬಹಳ ಕಾಲ ಹಿಡಿಯಿತು. ಹೂಡಿದ, ಅದು ಮುಖ್ಯ.

ಅಜ್ಜನವರು ಕತೆ ನಿಲ್ಲಿಸುವಷ್ಟರಲ್ಲಿ ಚನ್ನಮಲ್ಲ ಎದ್ದು ನಿಂತಿದ್ದ. “ತಿಳಿಯಿತು ಅಜ್ಜಾರ. ‘ಹೋಗ್ತೇನೆ’ ಎಂಬುದಕ್ಕೆ ಹೀಗೂ ಅರ್ಥವಿದೆ ಎಂದು ಇವತ್ತೇ ಪಾಠಕ್ಕೆ ಸೇರಿಸುತ್ತೇನೆ.”

“ಸೇರಿಸಪ್ಪ” ಎಂದರು ಅಜ್ಜನವರು, “ಅಷ್ಟೆಲ್ಲ ಮಾತಾಡುವ ಆ ಪಾಠಕ್ಕೆ ಕಿವಿ ಎಲ್ಲಿ ಇಡುತ್ತೀ?”