ಒಡಪಿನ ಶಾವಂತ್ರೆವ್ವ

ಕೇಳ್ರಿ. ನಮ್ಮಜ್ಜಿಯ ಅಜ್ಜಿಗೂ ಬಹಳ ಹಿಂದೆ, ಹೊಳೆದಂಡೆಯ ಒಂದೂರಿನಲ್ಲಿ ಶಾವಂತ್ರೆವ್ವ ಎಂಬಾಕೆ ಇದ್ದಳಂತೆ. ಆ ಸೀಮೆಯಲ್ಲಿ ಮದುಮಗಳು ಹೊಸ್ತಿಲ ಮೇಲಿನ ಅಕ್ಕಿ ಸೇರು ಒದ್ದು ಒಳಗೆ ಬರಬೇಕಾದರೆ, ಮೊದಲು ಒಡಪು ಹಾಕಿ ಗಂಡನ ಹೆಸರು ಹೇಳಬೇಕು. ಒಡಪು ಅಂದರೆ ಎರಡು ಸಾಲಿನ ಪದ, ಅದರೊಳಗೆ ಹೆಸರು ಬರಬೇಕು. ಒಡಪು ಕಟ್ಟುವುದರಲ್ಲಿ ಶಾವಂತ್ರೆವ್ವನಿಗೆ ಎದುರೇ ಇರಲಿಲ್ಲ. ಅವಳು ಬಾಯಿ ತೆರೆದರೆ ಬೀಸುಕಲ್ಲು ತಾನಾಗಿ ನಿಂತು ಕೇಳುತ್ತಿತ್ತು ಅಂತಾರೆ.

ಮದುವೆ ಗೊತ್ತಾದ ಹುಡುಗಿಯರೆಲ್ಲ ಉಡಿಯಲ್ಲಿ ಬೆಲ್ಲ ಕಟ್ಟಿಕೊಂಡು ಅವಳ ಕಟ್ಟೆಗೆ ಬರುವರು. "ನಿನ್ನ ಗಂಡ ಹೆಂಗದಾನ? ನಡದ್ರ ಹೆಂಗ, ನಕ್ಕರ ಹೆಂಗ?" ಎಂದು ಅವಳು ಕೇಳುವಳು. ಅದೆಲ್ಲ ಯಾಕೆ, ಗೌಡರ ಸೊಸೆಗೆ ಕಟ್ಟಿಕೊಟ್ಟದ್ದನ್ನೇ ಕೊಡು ಅನ್ನುವರು ಅವರು. ಅದೇ ಒಡಪು:

ಬೆಳ್ಳಿಯ ತಟ್ಟಿ, ಬಂಗಾರದ ಬಟ್ಟಲ,
ಇಂಥಾವರು ತೂಗ್ಯಾರ ಮುತ್ತಿನ ತೊಟ್ಟಿಲ.

ಶಾವಂತ್ರೆವ್ವನಿಗೆ ತಲೆ ಚಿಟ್ಟುಹಿಡಿಯಿತು. ಮನೆಯಲ್ಲಿ ಮಣ್ಣಿನ ಗಡಿಗೆಗೆ ಗತಿಯಿಲ್ಲ, ಬಾಯಲ್ಲಿ ಬೆಳ್ಳಿ ತಟ್ಟೆ! ಕುರುಬನ ಹೆಂಡತಿಗೂ ಅದೇ, ಅಂಬಿಗನ ಹೆಂಡತಿಗೂ ಅದೇ, ಹೆಸರು ಮಾತ್ರ ಬೇರೆ. ದೇವರು ಒಬ್ಬೊಬ್ಬರಿಗೆ ಒಂದೊಂದು ನಾಲಿಗೆ ಯಾಕೆ ಕೊಟ್ಟ, ಊರಿಗೊಂದು ಕೊಟ್ಟಿದ್ದರೆ ಸಾಕಿತ್ತಲ್ಲ ಎನ್ನುತ್ತಾ ಹೊಳೆಯಲ್ಲಿ ಬಟ್ಟೆಯನ್ನು ಬಂಡೆಗೆ ಬಡಿಯುತ್ತಿದ್ದಳಂತೆ. ಆ ಸದ್ದು ಆಚೆ ದಂಡೆಯ ಊರಿಗೂ ಕೇಳುತ್ತಿತ್ತು ಅಂತಾರೆ.

ಕಡೆಗೆ ಅವಳ ಮಗ ಸಿದಲಿಂಗಪ್ಪನ ಮದುವೆಯಾಯಿತು. ಸೊಸೆ ನೀಲವ್ವ ಬಾಗಿಲಿಗೆ ಬಂದು ನಿಂತಳು. ತಲೆ ತಗ್ಗಿಸಿ ಶುರುಮಾಡಿದಳು: "ಬೆಳ್ಳಿಯ ತಟ್ಟಿ..."

ಶಾವಂತ್ರೆವ್ವ ಸೇರನ್ನೆತ್ತಿ ಕಂಕುಳಿಗೆ ಇಟ್ಟುಕೊಂಡಳು. "ಅದು ನಂದು. ನಿಂದು ತಾ."

ಹುಡುಗಿ ಹೊಸ್ತಿಲಾಚೆಯೇ ನಿಂತಳು. ಬಿಸಿಲು ಏರಿತು. ಅನ್ನ ಆರಿತು. ಗಾಡಿ ತಿರುಗಿಸಿ ಮಗಳನ್ನು ಕರೆದೊಯ್ಯುತ್ತೇವೆ ಎಂದು ಬೀಗರು ಎಗರಾಡಿದರು. ಇವಳಿಗೇನು ಹುಚ್ಚೇ ಎಂದರು ಊರವರು. ಶಾವಂತ್ರೆವ್ವನಿಗೂ ದಿಗಿಲಾಯಿತು. ಗಾಡಿ ಹೊರಟೇಬಿಟ್ಟರೆ ಮಗನ ಬಾಳು ಏನಾಗಬೇಕು? ಆದರೆ ಮಾತನ್ನೇ ಕಡ ತಂದವಳು ನಾಳೆ ಈ ಮನೆಯಲ್ಲಿ ನಗುವುದು ಹೇಗೆ, ಜಗಳವಾಡುವುದು ಹೇಗೆ? ಅವಳು ಸೇರು ಇಳಿಸಲಿಲ್ಲ.

ನೀಲವ್ವನಿಗೆ ಸಿಟ್ಟು ನೆತ್ತಿಗೇರಿತು. ತಲೆಯೆತ್ತಿ, ಅತ್ತೆಯ ಮುಖವನ್ನೇ ನೋಡುತ್ತಾ ಅಂದಳು:

"ಅತ್ತಿ ನಿಲ್ಲಿಸ್ಯಾಳ ಬಿಸಲಾಗ, ಸುಟ್ಟಾವ ಕಾಲು,
ಸಿದಲಿಂಗಪ್ಪ ನಿಂತಾರ ಬಾಜೂಕ, ಬಾಯಾಗಿಲ್ಲ ಸೊಲ್ಲು!"

ಪ್ರಾಸ ಕುಂಟುತ್ತದೆ ಎಂದು ಯಾರೋ ಗೊಣಗಿದರು.

"ಕುಂಟಲಿ ಬಿಡ್ರಿ. ತನ್ನ ಕಾಲ ಮ್ಯಾಲ ಬಂದೈತಿ" ಎಂದಳು ಶಾವಂತ್ರೆವ್ವ. ಸೇರನ್ನು ಹೊಸ್ತಿಲ ಮೇಲಿಟ್ಟು, ಕೊಡ ತಂದು, ಸೊಸೆಯ ಸುಟ್ಟ ಪಾದಗಳಿಗೆ ತಾನೇ ನೀರು ಹೊಯ್ದಳು.

ಅದಕ್ಕೇ ಇಂದಿಗೂ ಆ ಊರಲ್ಲಿ ಅತ್ತೆಯಾದವಳು ಸೊಸೆಯ ಕಾಲಿಗೆ ನೀರು ಹೊಯ್ದೇ ಒಳಗೆ ಕರೆಯುತ್ತಾಳೆ. ಆದರೆ ಏನು ಹೇಳೋಣ! ಈಗಿನ ಹುಡುಗಿಯರು ಮಾಗಿಯ ಚಳಿಯಲ್ಲಿ ಗಡಗಡ ನಡುಗುತ್ತಾ ನಿಂತೂ "ಸುಟ್ಟಾವ ಕಾಲು" ಅಂತಾರೆ. ಆಗ ಮುದುಕಿಯರು ಹಣೆ ಚಚ್ಚಿಕೊಂಡು, ಸೇರನ್ನೆತ್ತಿ ಕಂಕುಳಿಗೆ ಇಟ್ಟುಕೊಳ್ಳುತ್ತಾರೆ:

"ಅದು ನೀಲವ್ವಂದು. ನಿಂದು ತಾ."