ಗಾಲಿಗೆ ಕೊಟ್ಟ ಕಲ್ಲು

ಜಲಪಾತದ ಕಾಡಿನ ಇಳಿಜಾರಿನಲ್ಲಿ, ಮಂಚ ಒಲೆ ಎಲ್ಲ ಹೊತ್ತ ಪ್ರವಾಸಿ ವ್ಯಾನೊಂದು ಬಂದು ನಿಂತಿತು. ಅದರ ಜನ ಗಾಲಿಗೆ ಕಲ್ಲು ಕೊಟ್ಟು, ಕಾಲುದಾರಿ ಹಿಡಿದು ನೀರು ನೋಡಲು ಹೋದರು. ಕೆಳಗಿನ ನೆಲ್ಲಿಮರದಲ್ಲಿದ್ದ ಮುದಿ ಮುಸುವನಿಗೆ ವ್ಯಾನು ಬಂದಾಗಿನಿಂದ ಒಂದೇ ಅನುಮಾನ. ಮನೆ ಅಂದಮೇಲೆ ಅದಕ್ಕೆ ಗಾಲಿ ಯಾಕೆ?

ಅವನು ಮೇಲೆ ಬಂದು ಕೇಳಿದ: "ಆ ಕಲ್ಲಿನಡಿ ಏನು ಬಚ್ಚಿಟ್ಟಿದ್ದೀಯ?"

"ಏನೂ ಇಲ್ಲ ಅಜ್ಜಾ. ನಾನು ಜಾರದಿರಲಿ ಅಂತ ಇಟ್ಟದ್ದು. ದಯವಿಟ್ಟು ಮುಟ್ಟಬೇಡಿ," ಎಂದಿತು ವ್ಯಾನು.

"ಏನೂ ಇಲ್ಲದಿದ್ದರೆ ಮುಟ್ಟಬೇಡಿ ಅನ್ನುವುದು ಯಾಕೆ?" ಎಂದು ಮುಸುವ ಕಲ್ಲನ್ನು ಅಲುಗಿಸಿ ಅಲುಗಿಸಿ ಕಿತ್ತ. ಅಡಿಯಲ್ಲಿ ಬರೀ ಮಣ್ಣಿತ್ತು. ವ್ಯಾನು ಉರುಳಿಹೋಗಿ ನೆಲ್ಲಿಮರವನ್ನು ಬುಡಸಮೇತ ಕೆಡವಿ ನಿಂತಿತು.

ಮುಸುವ ಮುರಿದ ಕೊಂಬೆಯ ಮೇಲೆ ಕೂತು ತಲೆಯಾಡಿಸಿದ. "ನಾನು ಆಗಲೇ ಅಂದುಕೊಂಡೆ. ಇದರ ಕಣ್ಣು ನನ್ನ ಮರದ ಮೇಲೆಯೇ ಇತ್ತು."