ತಗ್ಗಿನ ಓಣಿಯ ಮಂಚ

ಹಿರೇತೊರೆ ಅಂತ ಒಂದು ರಾಜ್ಯ. ಅಲ್ಲಿ ಒಬ್ಬ ರಾಜ, ಒಂದು ಆನೆ, ಒಂದು ಕೆರೆ, ಒಂದು ಸಾಫ್ಟ್‌ವೇರ್ ಕಂಪನಿ. ರಾಜರ ಕಾಲದಲ್ಲಿ ಸಾಫ್ಟ್‌ವೇರ್ ಎಲ್ಲಿತ್ತು ಅಂತ ಹಿಂದೆ ಕೂತವರು ಗೊಣಗಬೇಡಿ. ಕಥೆಯಲ್ಲಿ ನರಿ ಮಾತಾಡಿದರೆ ನಂಬುತ್ತೀರಿ, ಇದನ್ನೂ ನಂಬಿ.

ಕಂಪನಿ ಕಟ್ಟಿದವನು ಪಂಪಾಪತಿ. ದನದ ಕೊಟ್ಟಿಗೆಯಲ್ಲಿ ಹಳೆಯದೊಂದು ಕಂಪ್ಯೂಟರ್ ಇಟ್ಟುಕೊಂಡು ಶುರುಮಾಡಿದವನು. ಎಮ್ಮೆ ಒಂದು ಕಡೆ, ಅವನು ಒಂದು ಕಡೆ. ಎಮ್ಮೆ ಮಲಗುತ್ತಿತ್ತು, ಅವನು ಮಲಗುತ್ತಿರಲಿಲ್ಲ. ಕೂತಲ್ಲೇ ಅರೆಗಳಿಗೆ ತೂಕಡಿಸಿ ಮತ್ತೆ ಕೆಲಸಕ್ಕೆ ಕೈಹಾಕುತ್ತಿದ್ದ. ಹನ್ನೆರಡು ವರ್ಷದಲ್ಲಿ ಎಮ್ಮೆ ಮುದಿಯಾಯಿತು, ಕಂಪನಿ ದೊಡ್ಡದಾಯಿತು. ತಾನು ಕಲಿತ ಮೂರು ಪಾಠಗಳನ್ನು ಅವನು ಗೋಡೆಯ ಮೇಲೆ ಬರೆಸಿದ್ದ. ಮೊದಲು ಮುಗಿಸು, ಆಮೇಲೆ ಸರಿಮಾಡು. ಆಗುವುದಿಲ್ಲ ಅನ್ನಬೇಡ. ಮಲಗಬೇಡ.

ಹುಲಿಗೆಮ್ಮ ಆ ಕಂಪನಿಯಲ್ಲಿ ತಪ್ಪು ಹುಡುಕುವವಳು. ಉಳಿದವರು ಕಟ್ಟಿದ್ದನ್ನು ಕೆಡಿಸಿ ನೋಡುವುದೇ ಅವಳ ಕೆಲಸ. ಕೊಟ್ಟಿಗೆಯ ಕಾಲದಿಂದಲೂ ಇದ್ದವಳು. ಆಗ ಪಂಪಾಪತಿ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಅವಳಿಗೆ ಕೊಡುತ್ತಿದ್ದ. ಅದನ್ನು ಅವಳು ಮರೆತಿರಲಿಲ್ಲ. ಅವನ ಮೇಲೆ ಅವಳಿಗೆ ಅಭಿಮಾನವಿತ್ತು, ಸಿಟ್ಟೂ ಅಷ್ಟೇ ಇತ್ತು.

ಒಂದು ದಿನ ರಾಜ ಹೇಳಿಕಳಿಸಿದ. ಅರಮನೆಯ ಗಂಟೆ ತಾನಾಗಿಯೇ ಹೊಡೆದುಕೊಳ್ಳಬೇಕು. ಪಂಪಾಪತಿ ಸಾಫ್ಟ್‌ವೇರ್ ಮಾಡಿದ. ಹುಲಿಗೆಮ್ಮ ನೋಡಿದಳು.

"ಧಣ್ಯಾರ, ಹನ್ನೆರಡಕ್ಕ ಇದು ಹದಿಮೂರು ಹೊಡಿತೈತಿ."

"ಮೊದಲ ಮುಗಸೂಣು, ಆಮ್ಯಾಲೆ ಸರಿ ಮಾಡೂಣು."

ಗಂಟೆ ಒಂದು ವಾರ ಹದಿಮೂರು ಹೊಡೆಯಿತು. ಯಾರೂ ಎಣಿಸಲಿಲ್ಲ. ಎಂಟನೆಯ ದಿನ ಸರಿಮಾಡಿದರು. ರಾಜ ಪಂಪಾಪತಿಗೆ ಶಾಲು ಹೊದಿಸಿದ.

ಇನ್ನೊಂದು ದಿನ ರಾಜ ಹೇಳಿಕಳಿಸಿದ. ಆನೆಗೆ ಹೊತ್ತು ಹೊತ್ತಿಗೆ ಮೇವು ತಾನಾಗಿಯೇ ಬೀಳಬೇಕು. ಪಂಪಾಪತಿ ಸಾಫ್ಟ್‌ವೇರ್ ಮಾಡಿದ. ಹುಲಿಗೆಮ್ಮ ನೋಡಿದಳು.

"ಧಣ್ಯಾರ, ಮೂರು ಸಲ ಬೀಳೂದು ಏಳು ಸಲ ಬೀಳತೈತಿ."

"ಮೊದಲ ಮುಗಸೂಣು, ಆಮ್ಯಾಲೆ ಸರಿ ಮಾಡೂಣು."

ಆನೆ ದೂರು ಕೊಡಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಲಾಯದ ಬಾಗಿಲಲ್ಲಿ ಸಿಕ್ಕಿಕೊಂಡಿತು. ಬಾಗಿಲು ಒಡೆದು ಆನೆಯನ್ನು ಹೊರಗೆ ತಂದರು, ಸಾಫ್ಟ್‌ವೇರನ್ನೂ ಸರಿಮಾಡಿದರು. ಎರಡನೆಯ ಶಾಲು ಬಂತು.

ಮೂರನೆಯ ಸಲ ರಾಜ ಕೆರೆಯ ಮಾತೆತ್ತಿದ. ತೂಬು ತಾನಾಗಿಯೇ ತೆರೆದು, ಗದ್ದೆಗೆ ಬೇಕಾದಷ್ಟು ನೀರು ಬಿಟ್ಟು, ತಾನಾಗಿಯೇ ಮುಚ್ಚಬೇಕು. ಹುಣ್ಣಿಮೆಯ ದಿನ ಡೆಮೊ ತೋರಿಸುತ್ತೇನೆ ಅಂತ ಪಂಪಾಪತಿ ಮಾತು ಕೊಟ್ಟ. ಕೆರೆಯ ಕೆಳಗೆ ಕಾಲುವೆ, ಕಾಲುವೆಯ ಕೆಳಗೆ ತಗ್ಗಿನ ಓಣಿ. ಓಣಿಯಲ್ಲಿ ಮೂವತ್ತೊಂಬತ್ತು ಮನೆ. ಅದರಲ್ಲಿ ಒಂದು ಹುಲಿಗೆಮ್ಮನದು.

ಈ ಸಲ ಅವಳು ಮೂರು ದಿನ ನೋಡಿದಳು.

"ಧಣ್ಯಾರ, ತೂಬು ಮುಚ್ಚಬೇಕಂದ್ರ ಅರಮನಿ ಒಪ್ಪಿಗಿ ಕೇಳತೈತಿ. ಒಪ್ಪಿಗಿ ಬರೂತನಕ ಬಾಗಲಾ ತೆರಕೊಂಡ ಕಾಯತೈತಿ."

"ಕಾಯಲಿ. ಒಪ್ಪಿಗಿ ಬರತೈತಿ."

"ಊಟ ಆದ ಮ್ಯಾಲೆ ಅರಮನಿ ಎಲ್ಲಾ ಮಲಗತೈತ್ರಿ. ಹೊತ್ತು ಇಳಿಯೂತನಕ ಏಳೂದಿಲ್ಲ."

ಪಂಪಾಪತಿ ಕಂಪ್ಯೂಟರ್‌ನಿಂದ ತಲೆ ಎತ್ತಿದ. "ಹಗಲೊತ್ತಿನ್ಯಾಗ ಯಾಕ ಮಲಗತಾರ?"

ಅವನು ತಮಾಷೆಗೆ ಕೇಳಿದ್ದಲ್ಲ. ಹನ್ನೆರಡು ವರ್ಷ ಮಲಗದವನಿಗೆ ಲೋಕ ಮಲಗುತ್ತದೆ ಅನ್ನುವುದೇ ಮರೆತುಹೋಗಿತ್ತು.

"ಗಂಟಿ ಆಮ್ಯಾಲೆ ಸರಿ ಆತು, ಆನಿ ಆಮ್ಯಾಲೆ ಸರಿ ಆತು. ಹರದ ನೀರು ಹ್ಯಾಂಗ ಸರಿ ಮಾಡತೀರಿ?" ಅಂದಳು ಹುಲಿಗೆಮ್ಮ.

"ಹುಣ್ಣಿಮಿ ಅಂದ್ರ ಹುಣ್ಣಿಮಿ. ಈ ತಪ್ಪಿನ ಮಾತು ಈ ಬಾಗಲಾ ದಾಟಿದ್ರ ನಿನಗ ಇಲ್ಲಿ ಕೆಲಸ ಇಲ್ಲ."

ಅವಳು ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ಅರಮನೆ ಮಲಗುವ ಹೊತ್ತಿಗೇ ಮನೆಯಲ್ಲಿ ಅವಳ ಇಬ್ಬರು ಮಕ್ಕಳೂ ಊಟ ಮಾಡಿ ಮಲಗುತ್ತಿದ್ದರು.

ಆ ರಾಜ್ಯದಲ್ಲಿ ಹಳೆಯದೊಂದು ಪದ್ಧತಿ ಇತ್ತು. ಬಾವಿ ತೋಡಿದವನು ಮೊದಲ ಕೊಡದ ನೀರು ಕುಡಿಯಬೇಕು. ಅಟ್ಟ ಕಟ್ಟಿದವನು ಮೊದಲು ಹತ್ತಬೇಕು. ಸೇತುವೆ ಕಟ್ಟಿದವನು ಮೊದಲ ಸಲ ಆನೆ ದಾಟುವಾಗ ಕೆಳಗೆ ನಿಲ್ಲಬೇಕು. ಸಾಫ್ಟ್‌ವೇರ್ ಮಾಡಿದವನು ಎಲ್ಲಿ ನಿಲ್ಲಬೇಕು ಅಂತ ಯಾರೂ ಯೋಚಿಸಿರಲಿಲ್ಲ. ಹುಲಿಗೆಮ್ಮ ಯೋಚಿಸಿದಳು. ಯೋಚಿಸಿ, ಅರಮನೆಗೆ ಹೋದಳು. ತಪ್ಪಿನ ಮಾತು ಎತ್ತಲಿಲ್ಲ.

"ದೊರಿಗಳ, ನಮ್ಮ ಧಣ್ಯಾರಿಗೆ ತಮ್ಮ ಕೆಲಸದ ಮ್ಯಾಲೆ ಭಾಳ ಭರವಸೆ. ಪದ್ಧತಿ ತಪ್ಪಬಾರದು. ಓಣ್ಯಾನ ಮಂದಿ ಎಲ್ಲಾ ಕೆರಿ ಏರಿ ಮ್ಯಾಲೆ ನಿಂತು ನೋಡಲಿ. ಓಣಿ ನಡಬರಕ ಒಂದು ಮಂಚಾ ಹಾಕಸ್ರಿ. ಊಟ ಆದ ಮ್ಯಾಲೆ ಧಣ್ಯಾರು ಅಲ್ಲಿ ಮಲಗಲಿ, ನೀವು ದಿನದಂಗ ಅರಮನ್ಯಾಗ ಮಲಗ್ರಿ. ತೂಬು ತನ್ನ ಕೆಲಸಾ ತಾ ಮಾಡಲಿ."

ರಾಜನಿಗೆ ಇದು ಹಿಡಿಸಿತು. ತನ್ನ ಮಲಗುವ ಹೊತ್ತನ್ನು ಯಾರೂ ಇಷ್ಟು ಗೌರವದಿಂದ ನೆನೆದಿರಲಿಲ್ಲ.

ಹುಣ್ಣಿಮೆ ಬಂತು. ಊರೆಲ್ಲ ಏರಿಯ ಮೇಲೆ. ಖಾಲಿ ಓಣಿಯ ನಡುವೆ ಒಂದು ಮಂಚ, ಮಂಚದ ಮೇಲೆ ಹೊಸ ಚಾದರ. ರಾಜ ಹೋಳಿಗೆ ಊಟ ಮುಗಿಸಿ ಬಂದು, ಮಲಗಪ್ಪ ಅಂತ ಪಂಪಾಪತಿಗೆ ಕೈ ತೋರಿಸಿದ. ಆಗುವುದಿಲ್ಲ ಅನ್ನಬೇಡ ಅಂತ ಗೋಡೆಯ ಮೇಲೆ ಬರೆಸಿದವನೇ ಅವನು. ಹೋಗಿ ಮಲಗಿದ. ಮಲಗಿದಲ್ಲಿಂದ ನೆಟ್ಟಗೆ ತೂಬಿನ ಕಬ್ಬಿಣದ ಬಾಗಿಲು ಕಾಣುತ್ತಿತ್ತು. ಅದರ ಹಿಂದೆ ಇಡೀ ಕೆರೆ.

ರಾಜ ಆಕಳಿಸಿದ. "ಇನ್ನ ನಾವು ಹೋಗಿ ಮಲಗತೀವಿ."

ಪಂಪಾಪತಿ ಎದ್ದು ಕೂತ.

"ದೊರಿಗಳ, ಇದು ಆಗೂದಿಲ್ಲ."

"ಏನು ಆಗೂದಿಲ್ಲ?"

"ನೀವು ಮಲಗಿದ್ರ ತೂಬು ಮುಚ್ಚೂದಿಲ್ಲ. ಓಣಿ ಮುಳಗತೈತಿ."

"ನಾವು ದಿನಾ ಮಲಗತೀವಲ್ಲೋ."

"ಹುಲಿಗೆಮ್ಮ ಹೇಳಿದ್ಲು. ನಾನ ಕೇಳಲಿಲ್ಲ."

ರಾಜ ತಂದಿದ್ದ ಮೂರನೆಯ ಶಾಲನ್ನು ಮಡಿಸಿ ಒಳಗೆ ಇಡಿಸಿದ, ಡೆಮೊ ನಿಲ್ಲಿಸಿ ಎಂಟು ದಿನ ಗಡುವು ಕೊಟ್ಟು ಮಲಗಲು ಹೋದ.

ಎಂಟು ದಿನ ಹುಲಿಗೆಮ್ಮ ತಪ್ಪು ಹುಡುಕಿದಳು, ಪಂಪಾಪತಿ ಕೂತು ತಿದ್ದಿದ. ಅರಮನೆ ಉತ್ತರ ಕೊಡದಿದ್ದರೆ ತೂಬು ನೂರು ಎಣಿಸಿ ತಾನೇ ಮುಚ್ಚಿಕೊಳ್ಳಬೇಕು. ಗಡುವು ಮುಗಿದ ದಿನ ಮತ್ತೆ ಅದೇ ಮಂಚ, ಅದೇ ಓಣಿ. ಅರಮನೆ ಮಲಗಿತು. ತೂಬು ತೆರೆಯಿತು, ಗದ್ದೆಗೆ ನೀರು ಹೋಯಿತು. ತೂಬು ಒಪ್ಪಿಗೆ ಕೇಳಿತು, ಯಾರೂ ಓಗೊಡಲಿಲ್ಲ. ನೂರು ಎಣಿಸಿತು, ಮುಚ್ಚಿತು. ಓಣಿಯ ಮಣ್ಣು ಹನಿಯಷ್ಟೂ ನೆನೆಯಲಿಲ್ಲ.

ರಾಜ ಎದ್ದು ಬಂದು ಶಾಲು ಹೊದಿಸೋಣ ಅಂದರೆ, ಪಂಪಾಪತಿ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದ.

"ಎಬ್ಬಸ್ರಿ," ಅಂದ ರಾಜ.

"ಬ್ಯಾಡ್ರಿ ದೊರಿಗಳ," ಅಂದಳು ಹುಲಿಗೆಮ್ಮ. "ಹಂಗ ಹೊದಸ್ರಿ. ಹನ್ನೆರಡು ವರ್ಷ ಆತು ಅವರು ಮಲಗಿ."

ಮರುದಿನ ಗೋಡೆಯ ಮೇಲಿನ ಮೂರೂ ಪಾಠಗಳಿಗೆ ಸುಣ್ಣ ಬಳಿದರು. ಅವುಗಳ ಜಾಗದಲ್ಲಿ ಹೊಸದೊಂದು ಬರೆಸಿದರು. ಈ ಕಥೆಯ ನೀತಿಯೂ ಅದೇ: ನಿನ್ನ ತಪ್ಪಿನಿಂದ ಯಾರ ಮನೆಗೆ ನೀರು ನುಗ್ಗುತ್ತದೋ, ಅವರ ಮನೆಯ ಮುಂದೆ ಮೊದಲು ನೀನು ಮಲಗಿ ನೋಡು. ಅಲ್ಲಿ ನಿದ್ದೆ ಬಂದರೆ ಕೆಲಸ ಮುಗಿದಿದೆ.